ತಾಲ್ಲೂಕು ಮಂಡಳಿಯಿಂದ ವಿಧಾನಸೌಧಕ್ಕೆ: ಶ್ರೀ ಎಚ್. ಡಿ. ದೇವೇಗೌಡರ ಶಾಸಕ ಜೀವನ

(ಕೂಟದ ವಸಂತ ಉಪನ್ಯಾಸದ ಲಿಖಿತ ರೂಪ)



ಮಗಳ ಮನೆಗೆಂದು ಬಂದ ನನ್ನಂಥ ನಿವೃತ್ತ ಮೇಷ್ಟರನ್ನು ಹಿಡಿದು ತಂದು ಈ ವೇದಿಕೆಯ ಮೇಲೆ ನಿಲ್ಲಿಸಿದ್ದೀರಿ. ರಾಜ್ಯಶಾಸ್ತ್ರವನ್ನು ಬೋಧಿಸಿದವನೆಂಬ ಒಂದೇ ಅರ್ಹತೆಯ ಮೇಲೆ ರಾಜಕೀಯದ ವಿಷಯವಾಗಿ ಮಾತನಾಡಬೇಕೆಂದು ಅಪ್ಪಣೆಯಾಗಿದೆ. ಯಾವ ಪಕ್ಷವನ್ನೂ ಹೊಗಳದೆ, ಯಾವ ಪಕ್ಷವನ್ನೂ ತೆಗಳದೆ ಮಾತನಾಡಬೇಕೆಂಬ ಷರತ್ತನ್ನೂ ಕಾರ್ಯದರ್ಶಿಗಳು ಮೆಲ್ಲಗೆ ಸೇರಿಸಿದ್ದಾರೆ. ಸಾಧ್ಯವಾದಷ್ಟು ಪಾಲಿಸುತ್ತೇನೆ.

ಕಳೆದ ವಾರ ನನ್ನ ಅಳಿಯಂದಿರು ನನ್ನನ್ನು ಈ ಊರಿನ ಸ್ಕೂಲ್ ಬೋರ್ಡಿನ ಸಭೆಗೆ ಕರೆದುಕೊಂಡು ಹೋಗಿದ್ದರು. ಶಾಲೆಯ ಬಸ್ಸು ಯಾವ ಬೀದಿಯಲ್ಲಿ ತಿರುಗಬೇಕು ಎಂಬ ಒಂದೇ ವಿಷಯದ ಮೇಲೆ ಒಂದೂವರೆ ಗಂಟೆಯ ಚರ್ಚೆ ನಡೆಯಿತು. ಸದಸ್ಯರೊಬ್ಬರು ನಕ್ಷೆ ಬಿಡಿಸಿ ತೋರಿಸಿದರು. ಇನ್ನೊಬ್ಬರು ಖರ್ಚಿನ ಲೆಕ್ಕ ಕೇಳಿದರು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ತಾಯಿಯೊಬ್ಬರು ಎದ್ದು, ತಮ್ಮ ಮಗು ಹಿಮದಲ್ಲಿ ಎಷ್ಟು ಹೊತ್ತು ನಿಲ್ಲಬೇಕಾಗುತ್ತದೆ ಎಂದು ಕೇಳಿದರು. ನನಗೆ ಆಗ ನೆನಪಾದುದು ನನ್ನ ಬಾಲ್ಯದ ತಾಲ್ಲೂಕು ಬೋರ್ಡು. ಅಲ್ಲಿ ಬಸ್ಸಿನ ಬದಲು ಬಾವಿ, ಹಿಮದ ಬದಲು ಬಿಸಿಲು. ಉಳಿದಂತೆ ಮಾತು ಅದೇ, ಮಾತಿನ ಕಾವೂ ಅದೇ.

ಆ ತಾಲ್ಲೂಕು ಬೋರ್ಡಿನಿಂದ ಹೊರಟು, ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ವಿಧಾನಸಭೆಯನ್ನು ಪ್ರವೇಶಿಸಿ, ಮುಂದೆ ಮುಖ್ಯಮಂತ್ರಿಯೂ ದೇಶದ ಪ್ರಧಾನಿಯೂ ಆದ ಕನ್ನಡಿಗರೊಬ್ಬರ ವಿಚಾರವನ್ನು ಇಂದು ತಮ್ಮ ಮುಂದಿಡಬೇಕೆಂದಿದ್ದೇನೆ. ಪ್ರಧಾನಿ ದೇವೇಗೌಡರನ್ನು ಕುರಿತು ಪತ್ರಿಕೆಗಳು ಸಾಕಷ್ಟು ಬರೆದಿವೆ. ಶಾಸಕ ದೇವೇಗೌಡರ ಬಗೆಗೆ, ಅದಕ್ಕೂ ಹಿಂದಿನ ತಾಲ್ಲೂಕು ಮಂಡಳಿಯ ಸದಸ್ಯರ ಬಗೆಗೆ ಬರೆದವರು ವಿರಳ. ನನ್ನ ಅಭಿಪ್ರಾಯದಲ್ಲಿ ಆ ಮೊದಲ ಮೆಟ್ಟಿಲನ್ನು ಅರಿಯದೆ ಮೇಲಿನ ಮೆಟ್ಟಿಲುಗಳು ಅರ್ಥವಾಗುವುದಿಲ್ಲ.

ಹಾಸನ ಜಿಲ್ಲೆಯ ಹೊಳೆನರಸೀಪುರ ಹೇಮಾವತಿಯ ದಡದ ಪಟ್ಟಣ. ಅದೇ ತಾಲ್ಲೂಕಿನ ಹರದನಹಳ್ಳಿಯಲ್ಲಿ 1933ರ ಮೇ 18ರಂದು ದೊಡ್ಡೇಗೌಡ ಮತ್ತು ದೇವಮ್ಮ ದಂಪತಿಗಳ ಮಗನಾಗಿ ದೇವೇಗೌಡರು ಜನಿಸಿದರು. ಮನೆತನದ ಕಸುಬು ಬತ್ತದ ಬೇಸಾಯ. ಹಾಸನದ ಎಲ್. ವಿ. ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಇಂಜಿನಿಯರಿಂಗ್ ಡಿಪ್ಲೊಮಾ ಪಡೆದು, ಕಂಟ್ರಾಕ್ಟರ್ ಆಗಿ ಕೆಲಸ ಮಾಡಿದರು. 1953ರಲ್ಲಿ ಕಾಂಗ್ರೆಸ್ ಪಕ್ಷವನ್ನು ಸೇರಿದರು. ಹೊಳೆನರಸೀಪುರದ ಆಂಜನೇಯ ಸಹಕಾರ ಸಂಘದ ಅಧ್ಯಕ್ಷರಾದರು. ಅನಂತರ ತಾಲ್ಲೂಕು ಅಭಿವೃದ್ಧಿ ಮಂಡಳಿಯ ಸದಸ್ಯರಾದರು. ಜೀವನ ಚರಿತ್ರೆಗಳಲ್ಲಿ ಈ ಅವಧಿಗೆ ದೊರೆಯುವುದು ಎರಡೋ ಮೂರೋ ಸಾಲು ಮಾತ್ರ. ಆದುದರಿಂದ ಆ ಮಂಡಳಿ ಎಂದರೇನು, ಅಲ್ಲಿ ಏನು ನಡೆಯುತ್ತಿತ್ತು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಇಲ್ಲಿಯೇ ಹುಟ್ಟಿ ಬೆಳೆದ ಮಕ್ಕಳಿಗೆ ಈ ಹೆಸರೇ ಹೊಸದಾಗಿರಬಹುದು.

1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದಾಗ ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಹೀಗೆ ಒಂದೊಂದು ಪ್ರದೇಶದಲ್ಲಿ ಒಂದೊಂದು ಬಗೆಯ ಸ್ಥಳೀಯ ಆಡಳಿತವಿತ್ತು. ಇವೆಲ್ಲವನ್ನೂ ಒಂದು ಎರಕಕ್ಕೆ ತರಲು 1959ರಲ್ಲಿ ಮೈಸೂರು ಗ್ರಾಮ ಪಂಚಾಯಿತಿ ಮತ್ತು ಸ್ಥಳೀಯ ಮಂಡಳಿಗಳ ಕಾಯಿದೆ ಬಂದಿತು. ಬಲವಂತರಾಯ್ ಮೆಹತಾ ಸಮಿತಿ 1957ರಲ್ಲಿ ಕೊಟ್ಟ ವರದಿಯ ಅನಂತರದ ದಿನಗಳು ಅವು. ಹೊಸ ವ್ಯವಸ್ಥೆಯಲ್ಲಿ ಕೆಳಗೆ ಗ್ರಾಮ ಪಂಚಾಯಿತಿ, ನಡುವೆ ತಾಲ್ಲೂಕು ಅಭಿವೃದ್ಧಿ ಮಂಡಳಿ, ಮೇಲೆ ಜಿಲ್ಲಾ ಅಭಿವೃದ್ಧಿ ಪರಿಷತ್ತು. ಮೇಲಿನ ಪರಿಷತ್ತಿಗೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು; ಅದು ಸಲಹೆ ಕೊಡುವ, ಮೇಲ್ವಿಚಾರಣೆ ನಡೆಸುವ ಸಂಸ್ಥೆ. ಜನರು ನೇರವಾಗಿ ಮತ ಹಾಕಿ ಆರಿಸುತ್ತಿದ್ದುದು ನಡುವಿನ ತಾಲ್ಲೂಕು ಮಂಡಳಿಯನ್ನು. ಅನೇಕ ರಾಜ್ಯಗಳಲ್ಲಿ ಈ ನಡುವಿನ ಹಂತಕ್ಕೆ ಪಂಚಾಯಿತಿ ಅಧ್ಯಕ್ಷರೇ ಹೋಗಿ ಕುಳಿತುಕೊಳ್ಳುತ್ತಿದ್ದರು. ನಮ್ಮಲ್ಲಿ ಮತದಾರನೇ ನೇರವಾಗಿ ಆರಿಸುತ್ತಿದ್ದ. ಈ ವ್ಯತ್ಯಾಸ ಸಣ್ಣದಲ್ಲ. ತಾಲ್ಲೂಕು ಮಂಡಳಿಗೆ ನಿಂತವನು ಹತ್ತಾರು ಹಳ್ಳಿಗಳ ಮನೆ ಬಾಗಿಲಿಗೆ ಹೋಗಲೇಬೇಕಾಗಿತ್ತು. ವಿಧಾನಸಭೆಯ ಚುನಾವಣೆಗೆ ಅದೇ ಪೂರ್ವಾಭ್ಯಾಸ.

ಮಂಡಳಿಯ ಕಚೇರಿಯನ್ನು ಕಂಡವರಿಗೆ ಅದರ ಚಿತ್ರ ಮರೆಯುವುದಿಲ್ಲ. ಹೆಂಚಿನ ಕಟ್ಟಡ, ಮುಂದೆ ಬಿ.ಡಿ.ಒ. ಸಾಹೇಬರ ಜೀಪು, ಒಳಗೆ ಕೆಂಪು ದಾರ ಕಟ್ಟಿದ ಕಡತಗಳು, ಜಗುಲಿಯ ಮೇಲೆ ಅರ್ಜಿ ಹಿಡಿದು ಕುಳಿತ ರೈತರು. ನಮ್ಮ ತಂದೆಯವರೂ ಕೇರಿಯ ಬಾವಿಗೆಂದು ಅರ್ಜಿ ಹಿಡಿದು ಅಂಥ ಜಗುಲಿಯ ಮೇಲೆ ಕುಳಿತವರೇ. ಅವರ ಜೊತೆ ಹೋಗಿದ್ದ ನನಗೆ ಬಾವಿಗಿಂತ ಜೀಪಿನ ಮೇಲೆಯೇ ಕಣ್ಣು. ಪ್ರಾಥಮಿಕ ಶಾಲೆಗೆ ಕೊಠಡಿ, ಹಳ್ಳಿಗೆ ಹೋಗುವ ಮಣ್ಣಿನ ರಸ್ತೆ, ಕುಡಿಯುವ ನೀರಿನ ಬಾವಿ, ಸಣ್ಣ ಕೆರೆಗಳ ದುರಸ್ತಿ ಇವೆಲ್ಲ ಅಲ್ಲಿಯ ಕೆಲಸ. ಬೊಕ್ಕಸಕ್ಕೆ ಬರುತ್ತಿದ್ದುದು ಭೂಕಂದಾಯದ ಒಂದು ಪಾಲು ಮತ್ತು ಸರ್ಕಾರದ ಅನುದಾನ. ಕೇಳುವ ಕೈ ನೂರಾದರೆ ಹಣ ಹತ್ತು ಕೈಗೂ ಸಾಲದು.

ಇಂಥ ಸಭೆಯಲ್ಲಿ ಕುಳಿತವನು ಕಲಿಯುವ ವಿದ್ಯೆ ಬೇರೆ ಬಗೆಯದು. ಕೆರೆಯ ಏರಿ ಒಡೆದರೆ ಅದನ್ನು ಕಟ್ಟಬೇಕಾದವರು ಮಂಡಳಿಯವರೋ, ಲೋಕೋಪಯೋಗಿ ಇಲಾಖೆಯವರೋ? ತೂಬು ಸೋರುತ್ತಿದ್ದರೆ ಅಚ್ಚುಕಟ್ಟಿನ ಕೊನೆಯ ಗದ್ದೆಗೆ ನೀರು ತಲುಪುವುದೇ? ಓವರ್‌ಸಿಯರ್ ಬರೆದ ಅಂದಾಜು ಪಟ್ಟಿಯಲ್ಲಿ ಮಣ್ಣು ಸಾಗಿಸುವ ದರ ಸರಿಯಿದೆಯೇ? ಮಾರ್ಚ್ ತಿಂಗಳೊಳಗೆ ಹಣ ಖರ್ಚಾಗದಿದ್ದರೆ ವಾಪಸು ಹೋಗುತ್ತದೆಯಲ್ಲ, ಅದಕ್ಕೇನು ಉಪಾಯ? ಸಿವಿಲ್ ಇಂಜಿನಿಯರಿಂಗ್ ಓದಿ, ಸ್ವತಃ ಕಂಟ್ರಾಕ್ಟು ಮಾಡಿ, ಅಳತೆ ಪುಸ್ತಕದ ಒಳಹೊರಗನ್ನು ಬಲ್ಲ ಯುವಕನಿಗೆ ಈ ಪ್ರಶ್ನೆಗಳು ನೀರು ಕುಡಿದಷ್ಟು ಸಲೀಸು. ಅಧಿಕಾರಿ ಹೇಳಿದ ಅಂಕಿಯನ್ನು ಹಾಗೆಯೇ ಒಪ್ಪದೆ, ‘ಯಾವ ಸರ್ವೆ ನಂಬರು, ಎಷ್ಟು ಎಕರೆ, ಯಾವ ವರ್ಷ ಮಂಜೂರಾದದ್ದು’ ಎಂದು ಕೇಳುವ ಅಭ್ಯಾಸ ತಾಲ್ಲೂಕು ಮಟ್ಟದ್ದು. ದೇವೇಗೌಡರು ಆ ಅಭ್ಯಾಸವನ್ನು ಮೇಲಿನ ಎಲ್ಲ ಸಭೆಗಳಿಗೂ ಹೊತ್ತುಕೊಂಡು ಹೋದರು. ಅವರ ಬಲವೂ ಅದೇ, ಮುಂದೆ ಹೇಳುವಂತೆ ಮಿತಿಯೂ ಅದೇ.

1962ರ ಸಾರ್ವತ್ರಿಕ ಚುನಾವಣೆಯಲ್ಲಿ ಅವರಿಗೆ ಕಾಂಗ್ರೆಸ್ಸಿನ ಟಿಕೆಟು ದೊರೆಯಲಿಲ್ಲ. ಹೊಳೆನರಸೀಪುರದಿಂದ ಪಕ್ಷೇತರ ಅಭ್ಯರ್ಥಿಯಾಗಿ ನಿಂತು ಗೆದ್ದರು. ಆ ಕಾಲದಲ್ಲಿ ಕಾಂಗ್ರೆಸ್ಸನ್ನು ಎದುರಿಸಿ, ಹಿಂದೆ ಪಕ್ಷವಿಲ್ಲದೆ ಗೆಲ್ಲುವುದು ಸುಲಭದ ಮಾತಾಗಿರಲಿಲ್ಲ. ಅದೇ ಚುನಾವಣೆಯಲ್ಲಿ ನಿಜಲಿಂಗಪ್ಪನವರಂಥ ಹಿರಿಯ ನಾಯಕರೇ ಹೊಸದುರ್ಗದಲ್ಲಿ ಸೋತು, ಎಸ್. ಆರ್. ಕಂಠಿಯವರು ಕೆಲವು ತಿಂಗಳು ಮುಖ್ಯಮಂತ್ರಿಗಳಾಗಿದ್ದುದನ್ನು ಹಿರಿಯರು ಸ್ಮರಿಸಬಹುದು. 208 ಸದಸ್ಯರ ಸಭೆಯಲ್ಲಿ ಪಕ್ಷವಿಲ್ಲದ ತರುಣ ಶಾಸಕನ ಸ್ಥಾನ ಎಲ್ಲೋ ಹಿಂದಿನ ಸಾಲಿನಲ್ಲಿ. ಮಾತಾಡಲು ಸಿಗುವ ಸಮಯ ಕೆಲವೇ ನಿಮಿಷ. ಅಂಥವನಿಗೆ ಇರುವ ಆಯುಧ ಅಧ್ಯಯನವೊಂದೇ. ವಿಧಾನಮಂಡಲದ ಗ್ರಂಥಾಲಯದಲ್ಲಿ ಗಂಟೆಗಟ್ಟಲೆ ಕುಳಿತು ವರದಿಗಳನ್ನೂ ಹಳೆಯ ನಡವಳಿಗಳನ್ನೂ ಓದುತ್ತಿದ್ದ ಶಾಸಕರೆಂದು ಸಮಕಾಲೀನರು ಅವರನ್ನು ನೆನೆಯುತ್ತಾರೆ.

ಅವರು ಓದುತ್ತಿದ್ದ ವಿಷಯ ಮುಖ್ಯವಾಗಿ ಒಂದೇ: ನೀರು. ಇದಕ್ಕೆ ಹಿನ್ನೆಲೆ ತಿಳಿದಿರಬೇಕು. ಕಾವೇರಿಯ ನೀರಿನ ಬಗೆಗೆ ಹಳೆಯ ಮೈಸೂರು ಸಂಸ್ಥಾನಕ್ಕೂ ಮದರಾಸು ಪ್ರಾಂತ್ಯಕ್ಕೂ 1892ರಲ್ಲಿ ಒಂದು, 1924ರಲ್ಲಿ ಇನ್ನೊಂದು ಒಪ್ಪಂದವಾಗಿದ್ದವು. ಎರಡನೆಯದರ ಕೆಲವು ಷರತ್ತುಗಳನ್ನು ಐವತ್ತು ವರ್ಷಗಳ ಅನಂತರ, ಅಂದರೆ 1974ರಲ್ಲಿ, ಪುನಃ ಪರಿಶೀಲಿಸಬಹುದಾಗಿತ್ತು. ಕನ್ನಂಬಾಡಿಯ ಕೆಳಗಿನ ಮಂಡ್ಯದ ಸೀಮೆ ಹಸಿರಾಯಿತು. ಆದರೆ ಕಾವೇರಿಗೆ ನೀರು ತಂದುಕೊಡುವ ಹೇಮಾವತಿ, ಹಾರಂಗಿ, ಕಬಿನಿಗಳ ದಡದ ರೈತ ಮಳೆಯನ್ನೇ ನೋಡುತ್ತ ಕುಳಿತಿದ್ದ. ಮನೆಯ ಮುಂದೆಯೇ ಹೊಳೆ ಹರಿಯುತ್ತದೆ, ಗದ್ದೆ ಒಣಗುತ್ತದೆ. ಹರದನಹಳ್ಳಿಯ ಹುಡುಗನಿಗೆ ಇದನ್ನು ಪುಸ್ತಕ ಓದಿ ತಿಳಿಯಬೇಕಾಗಿರಲಿಲ್ಲ.

ಹಾಸನದ ಗೊರೂರಿನ ಬಳಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣವಾಯಿತು. ‘ಅಮೆರಿಕದಲ್ಲಿ ಗೊರೂರು’ ಎಂದು ತಮ್ಮ ಪ್ರವಾಸವನ್ನು ಬರೆದು ನಿಮ್ಮನ್ನೆಲ್ಲ ಕನ್ನಡಕ್ಕೆ ಪರಿಚಯಿಸಿದ ರಾಮಸ್ವಾಮಿ ಅಯ್ಯಂಗಾರ್ಯರ ಊರೇ ಈ ಗೊರೂರು. ಜಲಾಶಯದ ಸಾಮರ್ಥ್ಯ ಸುಮಾರು 37 ಟಿಎಂಸಿ. ಟಿಎಂಸಿ ಎಂಬ ಶಬ್ದವನ್ನು ಪತ್ರಿಕೆಗಳಲ್ಲಿ ದಿನವೂ ಓದುತ್ತೇವೆ, ಅದರ ಅರ್ಥ ಕೇಳಿದರೆ ತಡವರಿಸುತ್ತೇವೆ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ ನೀರು. ಸೆಕೆಂಡಿಗೆ ಒಂದು ಘನ ಅಡಿ ಹರಿದರೆ ಅದು ಒಂದು ಕ್ಯುಸೆಕ್. ಸುಮಾರು 11,574 ಕ್ಯುಸೆಕ್ ನೀರು ಒಂದು ಇಡೀ ದಿನ ಹರಿದರೆ ಒಂದು ಟಿಎಂಸಿ ಆಗುತ್ತದೆ. ಹೇಮಾವತಿ, ಹಾರಂಗಿ, ಕಬಿನಿ ಯೋಜನೆಗಳಿಗೆ ಕೇಂದ್ರದ ಯೋಜನಾ ಆಯೋಗದ ಮಂಜೂರಾತಿ ದೊರೆಯಲಿಲ್ಲ. ರಾಜ್ಯ ತನ್ನ ಬೊಕ್ಕಸದಿಂದಲೇ ಹಣ ಹಾಕಿ ಕಟ್ಟಿತು. ಹೀಗಾಗಿ ಪ್ರತಿ ವರ್ಷದ ಬಜೆಟ್ಟಿನಲ್ಲಿ ಅಣೆಕಟ್ಟುಗಳಿಗೆ ಎಷ್ಟು ಎಂಬುದೇ ಆ ಭಾಗದ ಶಾಸಕರಿಗೆ ಜೀವನ್ಮರಣದ ಪ್ರಶ್ನೆ. ಹಣ ಒಂದು ವರ್ಷ ಕಡಿಮೆಯಾದರೆ ನಾಲೆಯ ಕೆಲಸ ಎಷ್ಟೋ ವರ್ಷ ಹಿಂದೆ ಬೀಳುತ್ತದೆ. ತಾಲ್ಲೂಕು ಮಂಡಳಿಯ ‘ಮಾರ್ಚ್ ತಿಂಗಳ’ ಪಾಠ ಇಲ್ಲಿ ದೊಡ್ಡ ಪ್ರಮಾಣದಲ್ಲಿ ಪುನರಾವರ್ತನೆಯಾಯಿತು ಎನ್ನಬಹುದು.

1967ರಲ್ಲಿ ಪುನಃ ಪಕ್ಷೇತರರಾಗಿಯೇ ಗೆದ್ದ ದೇವೇಗೌಡರು, ಕಾಂಗ್ರೆಸ್ ಇಬ್ಭಾಗವಾದ ಮೇಲೆ ಸಂಸ್ಥಾ ಕಾಂಗ್ರೆಸ್ಸನ್ನು ಸೇರಿದರು. 1972ರಲ್ಲಿ ಇಂದಿರಾ ಗಾಂಧಿಯವರ ಅಲೆಯಲ್ಲಿ ಕಾಂಗ್ರೆಸ್ 165 ಸ್ಥಾನ ಗೆದ್ದಾಗ, ಸಂಸ್ಥಾ ಕಾಂಗ್ರೆಸ್ಸಿಗೆ ಉಳಿದದ್ದು 24. ಆ ಸಣ್ಣ ಗುಂಪಿನ ನಾಯಕರಾಗಿ ದೇವೇಗೌಡರು ವಿರೋಧ ಪಕ್ಷದ ನಾಯಕರಾದರು. ಎದುರಿಗೆ ದೇವರಾಜ ಅರಸು ಅವರಂಥ ಮುಖ್ಯಮಂತ್ರಿ. 1972ರಿಂದ 1977ರ ಕೊನೆಯವರೆಗೆ, ನಡುವೆ ಸ್ವಲ್ಪ ಕಾಲ ಬಿಟ್ಟು, ಆ ಸ್ಥಾನದಲ್ಲಿದ್ದರು. ತುರ್ತು ಪರಿಸ್ಥಿತಿಯಲ್ಲಿ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಬಂಧನದಲ್ಲಿದ್ದರು. ಅರಸು ಅವರ ಭೂಸುಧಾರಣೆ, ಹಾವನೂರ್ ಆಯೋಗ ಇವುಗಳ ಮಹತ್ತ್ವದ ಮುಂದೆ ಆ ಕಾಲದ ವಿರೋಧ ಪಕ್ಷದ ಕೆಲಸ ಇತಿಹಾಸದಲ್ಲಿ ಮಸುಕಾಗಿ ಕಾಣುವುದು ಸಹಜ. ಆದರೆ 216 ಸದಸ್ಯರ ಸಭೆಯಲ್ಲಿ 24 ಮಂದಿಯನ್ನು ಕಟ್ಟಿಕೊಂಡು ಸರ್ಕಾರದಿಂದ ಲೆಕ್ಕ ಕೇಳುವುದು ಶಾಸಕನ ವೃತ್ತಿಯ ನಿಜವಾದ ಪರೀಕ್ಷೆ ಎಂದು ನಾನು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ. ಮಂತ್ರಿಯಾಗಿ ಉತ್ತರ ಕೊಡುವುದಕ್ಕಿಂತ ಸದಸ್ಯನಾಗಿ ಸರಿಯಾದ ಪ್ರಶ್ನೆ ಕೇಳುವುದು ಕಷ್ಟ.

1983ರ ಜನವರಿಯಲ್ಲಿ ಕರ್ನಾಟಕದಲ್ಲಿ ಮೊಟ್ಟಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂದಿತು. ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ. ದೇವೇಗೌಡರಿಗೆ ಲೋಕೋಪಯೋಗಿ ಮತ್ತು ನೀರಾವರಿ ಖಾತೆ. ಇಪ್ಪತ್ತು ವರ್ಷ ಕೇಳಿದ ಪ್ರಶ್ನೆಗಳಿಗೆ ಈಗ ತಾವೇ ಉತ್ತರ ಕೊಡಬೇಕಾದ ಸ್ಥಾನ. 1987ರಲ್ಲಿ ನೀರಾವರಿಗೆ ಒದಗಿಸಿದ ಹಣ ಏನೇನೂ ಸಾಲದೆಂದು ಪ್ರತಿಭಟಿಸಿ ಸಂಪುಟಕ್ಕೆ ರಾಜೀನಾಮೆ ಕೊಟ್ಟರು. ಹೆಗಡೆಯವರೊಡನೆ ನಡೆಯುತ್ತಿದ್ದ ರಾಜಕೀಯ ಮೇಲಾಟವೂ ಇದರ ಹಿಂದೆ ಇದ್ದುದು ಎಲ್ಲರಿಗೂ ಗೊತ್ತಿರುವ ಸಂಗತಿಯೇ. ರಾಜಕಾರಣಿಯ ಒಂದು ನಿರ್ಧಾರಕ್ಕೆ ಒಂದೇ ಕಾರಣವಿರಬೇಕೆಂದು ನಾವು ಹಟ ಹಿಡಿಯಬೇಕಾಗಿಲ್ಲ.

ಅದೇ ಸಂಪುಟದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆಯನ್ನು ನೋಡಿಕೊಳ್ಳುತ್ತಿದ್ದವರು ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್. ಹಳ್ಳಿಹಳ್ಳಿಗೂ ಬೋರ್‌ವೆಲ್ ತಂದು ‘ನೀರ್ ಸಾಬ್’ ಎಂದೇ ಹೆಸರಾದವರು. 1988ರಲ್ಲಿ ಅವರು ತೀರಿಕೊಂಡರು. ದೇವೇಗೌಡರು ಬೆಳೆದುಬಂದ ತಾಲ್ಲೂಕು ಮಂಡಳಿಯ ಯುಗ ಮುಗಿದದ್ದು ಈ ನಜೀರ್ ಸಾಬರ ಕೈಯಿಂದ ಎಂಬುದು ಒಂದು ಸೋಜಿಗ. 1983ರ ಕಾಯಿದೆ ತಾಲ್ಲೂಕು ಮಂಡಳಿಗಳನ್ನು ತೆಗೆದು, ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳನ್ನು ತಂದಿತು. ಮಹಿಳೆಯರಿಗೆ ಶೇಕಡಾ 25 ಸ್ಥಾನ ಮೀಸಲಾಯಿತು. 1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಅವರ ಕೈಕೆಳಗೆ ಹಿರಿಯ ಐ.ಎ.ಎಸ್. ಅಧಿಕಾರಿ ಮುಖ್ಯ ಕಾರ್ಯದರ್ಶಿ. ಶಾಲೆ, ಆಸ್ಪತ್ರೆ, ಬಾವಿಗಳ ಅಧಿಕಾರ ಜಿಲ್ಲೆಗೆ ಹೋದಾಗ ಅನೇಕ ಶಾಸಕರಿಗೆ ಮುನಿಸಾಯಿತು. ವರ್ಗಾವಣೆ ಮಾಡಿಸಿಕೊಡಿ ಎಂದು ಬರುವ ಮೇಷ್ಟರು ತಮ್ಮ ಮನೆಗೆ ಬರದೆ ಜಿಲ್ಲಾ ಪರಿಷತ್ತಿಗೆ ಹೋದರೆ ಶಾಸಕನಿಗೆ ಉಳಿಯುವುದೇನು? ನಾನೂ ಮೇಷ್ಟರೇ ಆದುದರಿಂದ ಈ ಯಾತ್ರೆಗಳ ಪರಿಚಯ ನನಗೆ ಚೆನ್ನಾಗಿದೆ, ಹೆಚ್ಚು ಹೇಳುವುದಿಲ್ಲ.

ಈ ಮೊದಲ ಮೆಟ್ಟಿಲಿನಿಂದ ಬಂದವರು ದೇವೇಗೌಡರೊಬ್ಬರೇ ಅಲ್ಲ. 1983ರಲ್ಲಿಯೇ ಮೊದಲ ಬಾರಿಗೆ ವಿಧಾನಸಭೆಗೆ ಬಂದ ಇಬ್ಬರನ್ನು ಹೆಸರಿಸಬಹುದು. ಚಾಮುಂಡೇಶ್ವರಿ ಕ್ಷೇತ್ರದಿಂದ ಬಂದ ಸಿದ್ದರಾಮಯ್ಯನವರು 1978ರಲ್ಲಿ ಮೈಸೂರು ತಾಲ್ಲೂಕು ಮಂಡಳಿಗೆ ಆಯ್ಕೆಯಾಗಿದ್ದವರು. ಶಿಕಾರಿಪುರದಿಂದ ಬಂದ ಯಡಿಯೂರಪ್ಪನವರು 1975ರಲ್ಲಿ ಅಲ್ಲಿಯ ಪುರಸಭೆಗೆ ಆಯ್ಕೆಯಾಗಿದ್ದವರು. ಇಬ್ಬರೂ ಮುಂದೆ ಮುಖ್ಯಮಂತ್ರಿಗಳಾದರು. ಒಬ್ಬೊಬ್ಬರ ಪಕ್ಷ, ವಿಚಾರ, ಜನಬೆಂಬಲ ಎಲ್ಲವೂ ಬೇರೆ ಬೇರೆ. ಹತ್ತಿದ ಏಣಿಯ ಕೆಳಗಿನ ಮೆಟ್ಟಿಲು ಮಾತ್ರ ಒಂದೇ. ಕಾರ್ಯದರ್ಶಿಗಳ ಷರತ್ತು ಇಲ್ಲಿ ತಾನಾಗಿಯೇ ಪಾಲನೆಯಾಯಿತು.

1989ರಲ್ಲಿ ಜನತಾ ಪರಿವಾರ ಒಡೆದಾಗ ದೇವೇಗೌಡರು ಹೊಳೆನರಸೀಪುರದಲ್ಲಿಯೇ ಸೋತರು. 1962ರಿಂದ ಕೈಬಿಡದಿದ್ದ ಕ್ಷೇತ್ರ ಕೈಬಿಟ್ಟಿತು. ಅವರ ಪಕ್ಷಕ್ಕೆ ಇಡೀ ರಾಜ್ಯದಲ್ಲಿ ದೊರೆತದ್ದು ಎರಡೇ ಸ್ಥಾನ. ರಾಜಕೀಯ ಜೀವನ ಮುಗಿಯಿತೆಂದು ಬರೆದವರೂ ಇದ್ದರು. ಆದರೆ 1991ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳಲ್ಲಿ ಕಾಂಗ್ರೆಸ್ 23, ಭಾರತೀಯ ಜನತಾ ಪಕ್ಷ 4 ಗೆದ್ದಾಗ, ಉಳಿದ ಆ ಒಂದು ಸ್ಥಾನ ಹಾಸನದ ದೇವೇಗೌಡರದು. ಮೂರು ವರ್ಷಗಳ ಅನಂತರ ಜನತಾದಳ 115 ಸ್ಥಾನ ಗೆದ್ದು, 1994ರ ಡಿಸೆಂಬರ್ 11ರಂದು ಅವರು ಮುಖ್ಯಮಂತ್ರಿಗಳಾದರು. 1996ರ ಜೂನ್ 1ರಂದು ಹದಿಮೂರು ಪಕ್ಷಗಳ ಸಂಯುಕ್ತ ರಂಗದ ಪ್ರಧಾನಿಯಾದರು. ಅಂದು ಇಲ್ಲಿಯ ಕನ್ನಡ ಮನೆಗಳಲ್ಲಿ ಟೆಲಿಫೋನುಗಳು ರಾತ್ರಿಯಿಡೀ ಬಾರಿಸಿದುವೆಂದು ನನ್ನ ಮಗಳು ಹೇಳುತ್ತಾಳೆ. ಆ ವರ್ಷದ ಸ್ವಾತಂತ್ರ್ಯ ದಿನದಂದು ಕೆಂಪುಕೋಟೆಯ ಮೇಲೆ ನಿಂತು, ಕನ್ನಡ ಲಿಪಿಯಲ್ಲಿ ಬರೆದುಕೊಂಡಿದ್ದ ಹಿಂದಿ ಭಾಷಣವನ್ನು ಓದಿದರು. ದಿಲ್ಲಿಯ ಕೆಲವರು ನಕ್ಕರು. ಪರಭಾಷೆಯ ನಾಡಿನಲ್ಲಿ ಬದುಕುವ ನೀವು ನಗಲಾರಿರಿ ಎಂದು ಭಾವಿಸುತ್ತೇನೆ.

ಹತ್ತೂವರೆ ತಿಂಗಳು ಮಾತ್ರ ಇದ್ದ ಆ ಸರ್ಕಾರದ ಒಂದೇ ಒಂದು ಕಾರ್ಯವನ್ನು ಸ್ವಲ್ಪ ವಿವರಿಸುತ್ತೇನೆ. ಉಳಿದುದನ್ನು ತಾವು ಬಲ್ಲಿರಿ. 1996ರ ಡಿಸೆಂಬರ್ 12ರಂದು ಭಾರತದ ಪರವಾಗಿ ದೇವೇಗೌಡರೂ ಬಾಂಗ್ಲಾದೇಶದ ಪರವಾಗಿ ಶೇಖ್ ಹಸೀನಾ ಅವರೂ ಗಂಗಾಜಲ ಹಂಚಿಕೆಯ ಮೂವತ್ತು ವರ್ಷಗಳ ಒಪ್ಪಂದಕ್ಕೆ ಸಹಿ ಹಾಕಿದರು. ವಿದೇಶಾಂಗ ಮಂತ್ರಿ ಗುಜ್ರಾಲರ ಮತ್ತು ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರ ಪಾತ್ರ ಇದರಲ್ಲಿ ಹಿರಿದು. ಆದರೆ ಒಪ್ಪಂದದ ಒಡಲನ್ನು ಓದಿದರೆ ನಮ್ಮ ಹಳ್ಳಿಯ ನೀರುಗಂಟಿಯೇ ಕುಳಿತು ಬರೆಸಿದಂತೆ ತೋರುತ್ತದೆ. ಜನವರಿ 1ರಿಂದ ಮೇ 31ರವರೆಗಿನ ಬೇಸಿಗೆಯನ್ನು ಹತ್ತು ಹತ್ತು ದಿನಗಳ ಸರದಿಯಾಗಿ ವಿಂಗಡಿಸಿದೆ. ಫರಕ್ಕಾದಲ್ಲಿ ಹರಿವು 70,000 ಕ್ಯುಸೆಕ್ ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಇಬ್ಬರಿಗೂ ಸಮಪಾಲು. 70,000ದಿಂದ 75,000ದವರೆಗೆ ಬಾಂಗ್ಲಾದೇಶಕ್ಕೆ 35,000, ಉಳಿದದ್ದು ಭಾರತಕ್ಕೆ. ಅದಕ್ಕೂ ಹೆಚ್ಚಿದ್ದರೆ ಭಾರತಕ್ಕೆ 40,000, ಉಳಿದದ್ದು ಬಾಂಗ್ಲಾದೇಶಕ್ಕೆ. ತೀರ ಕಷ್ಟದ ಮಾರ್ಚ್ 11ರಿಂದ ಮೇ 10ರವರೆಗಿನ ದಿನಗಳಲ್ಲಿ ಒಂದು ಸರದಿ ಒಬ್ಬರಿಗೆ, ಮುಂದಿನ ಸರದಿ ಇನ್ನೊಬ್ಬರಿಗೆ 35,000 ಕ್ಯುಸೆಕ್ ಖಚಿತ. ಕೆರೆಯ ತೂಬಿನ ಬಳಿ ಮೇಲ್ಗದ್ದೆಯವನಿಗೂ ಕೆಳಗದ್ದೆಯವನಿಗೂ ಸರದಿ ಮಾಡಿಕೊಡುವುದು ಹೀಗೆಯೇ ಅಲ್ಲವೇ? ಮೇಲಿನವನು ನೀರು ಬಿಡಲೊಲ್ಲ, ಕೆಳಗಿನವನು ಕಾಯಲೊಲ್ಲ. ಕಾವೇರಿಯಲ್ಲಿ ಮೇಲಿನ ದಡದ ಪರವಾಗಿ ಜೀವಮಾನವೆಲ್ಲ ವಾದಿಸಿದವರು ಗಂಗೆಯಲ್ಲಿ ಕೆಳದಡದವರಿಗೆ ಪಾಲು ಕೊಡುವ ಕಾಗದಕ್ಕೆ ಸಹಿ ಹಾಕಿದರು ಎಂಬುದನ್ನೂ ಗಮನಿಸಬೇಕು.

ಇನ್ನು ಮಿತಿಯ ಮಾತು. ತಾಲ್ಲೂಕಿನ ಕಣ್ಣಿನಿಂದ ರಾಜ್ಯವನ್ನು ನೋಡುವವರಿಗೆ ತಾಲ್ಲೂಕು ತೀರ ದೊಡ್ಡದಾಗಿ ಕಾಣುವ ಅಪಾಯವಿದೆ. ಹಾಸನಕ್ಕೆ ದೊರೆತ ಗಮನ ಬೀದರಿಗೆ, ರಾಯಚೂರಿಗೆ ದೊರೆಯಿತೇ ಎಂಬ ಟೀಕೆ ಅವರ ಮೇಲೆ ಸದಾ ಇತ್ತು. ಪ್ರತಿಯೊಂದು ಕಡತವನ್ನೂ ತಾವೇ ನೋಡಬೇಕು, ಪ್ರತಿಯೊಂದು ವರ್ಗಾವಣೆಯೂ ತಮಗೆ ತಿಳಿದಿರಬೇಕು ಎಂಬ ಸ್ವಭಾವ ತಾಲ್ಲೂಕಿನಲ್ಲಿ ಗುಣ, ದಿಲ್ಲಿಯಲ್ಲಿ ಭಾರ. ಮತ್ತೊಂದು ಸಂಗತಿ ನನ್ನನ್ನು ಹೆಚ್ಚು ಕಾಡುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಹತ್ತಿಬಂದವರ ಮನೆಯಲ್ಲಿಯೇ ಮುಂದಿನ ತಲೆಮಾರಿಗೆ ಏಣಿಯ ಅಗತ್ಯ ಬೀಳಲಿಲ್ಲ. 1996ರಲ್ಲಿ ಅವರ ಮಗ ಕುಮಾರಸ್ವಾಮಿಯವರು ಕನಕಪುರದಿಂದ ನೇರವಾಗಿ ಲೋಕಸಭೆಗೇ ಹೋದರು. ಇದು ಒಂದು ಮನೆಯ ಕಥೆಯಲ್ಲ. ಇಂದು ಎಲ್ಲ ಪಕ್ಷಗಳಲ್ಲಿಯೂ ಎಷ್ಟೋ ಮನೆಗಳ ಕಥೆ. ಹೆಸರೇ ಟಿಕೆಟ್ಟಾದಾಗ ಕೆರೆಯ ಏರಿಯ ಲೆಕ್ಕ ಯಾರಿಗೆ ಬೇಕು?

ಪ್ರಧಾನಿ ಪದವಿಯ ಅನಂತರದ ಗೆಲುವು ಸೋಲುಗಳನ್ನು ಒಂದೊಂದಾಗಿ ಹೇಳುವುದಿಲ್ಲ. 2019ರಲ್ಲಿ ತುಮಕೂರಿನಲ್ಲಿ ಸೋತು, 2020ರಲ್ಲಿ ರಾಜ್ಯಸಭೆಗೆ ಅವಿರೋಧವಾಗಿ ಆಯ್ಕೆಯಾದರು. 1996ರ ಸೆಪ್ಟೆಂಬರಿನಲ್ಲಿ ಅವರ ಸರ್ಕಾರ ಮೊದಲ ಬಾರಿಗೆ ಮಂಡಿಸಿದ್ದ ಮಹಿಳಾ ಮೀಸಲಾತಿ ಮಸೂದೆ, ಬೇರೆ ಸರ್ಕಾರದ ಕೈಯಿಂದ ಬೇರೆ ರೂಪದಲ್ಲಿ, 2023ರ ಸೆಪ್ಟೆಂಬರಿನಲ್ಲಿ ಸಂಸತ್ತಿನ ಒಪ್ಪಿಗೆ ಪಡೆದಾಗ ತೊಂಬತ್ತು ವರ್ಷದ ಅವರು ರಾಜ್ಯಸಭೆಯ ಸದಸ್ಯರಾಗಿದ್ದರು.

ಕೊನೆಯದಾಗಿ ಆ ಮೊದಲ ಮೆಟ್ಟಿಲು ಏನಾಯಿತು ಎಂಬುದನ್ನು ಹೇಳಿ ಮುಗಿಸುತ್ತೇನೆ. 1959ರ ಕಾಯಿದೆಯ ತಾಲ್ಲೂಕು ಮಂಡಳಿಗಳಿಗೆ ಚುನಾವಣೆ ನಡೆದದ್ದು 1960, 1968 ಮತ್ತು 1978ರಲ್ಲಿ. ನಡುವಣ ಅಂತರವನ್ನು ತಾವೇ ಲೆಕ್ಕ ಹಾಕಿ. 1987ರಲ್ಲಿ ಆರಿಸಿಬಂದ ಜಿಲ್ಲಾ ಪರಿಷತ್ತುಗಳ ಅವಧಿ 1992ರಲ್ಲಿ ಮುಗಿದಾಗ ಚುನಾವಣೆ ನಡೆಸದೆ ಆಡಳಿತಾಧಿಕಾರಿಗಳನ್ನು ಕೂರಿಸಿದರು. ಇಂಥ ಹುಡುಗಾಟ ಇನ್ನು ಆಗಬಾರದೆಂದೇ ಸಂವಿಧಾನಕ್ಕೆ 73ನೆಯ ತಿದ್ದುಪಡಿ ಬಂದು, ಐದು ವರ್ಷಕ್ಕೊಮ್ಮೆ ಚುನಾವಣೆ ಕಡ್ಡಾಯವಾಯಿತು. ಅದಕ್ಕನುಗುಣವಾಗಿ 1993ರ ಮೇ 10ರಂದು ಕರ್ನಾಟಕದ ಹೊಸ ಪಂಚಾಯತ್ ರಾಜ್ ಕಾಯಿದೆ ಜಾರಿಗೆ ಬಂದಿತು. ತಾಲ್ಲೂಕು ಪಂಚಾಯಿತಿ ಎಂಬ ಹೆಸರಿನಲ್ಲಿ ಹಳೆಯ ಮೆಟ್ಟಿಲು ಮರಳಿ ಬಂದಿತು. 1995ರಲ್ಲಿ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಮೊದಲ ಚುನಾವಣೆ ನಡೆದಾಗ ಮುಖ್ಯಮಂತ್ರಿಯಾಗಿದ್ದವರು ದೇವೇಗೌಡರೇ.

ಆ ಸಂಸ್ಥೆಗಳ ಅವಧಿ 2021ರಲ್ಲಿ ಮತ್ತೆ ಮುಗಿಯಿತು. ಕ್ಷೇತ್ರಗಳ ಪುನರ್ವಿಂಗಡಣೆ, ಮೀಸಲಾತಿ ಪಟ್ಟಿ, ನ್ಯಾಯಾಲಯದ ವ್ಯಾಜ್ಯ ಎಂದು ಕಾರಣಗಳು ಒಂದರ ಹಿಂದೆ ಒಂದು ಬಂದುವು. ಸರ್ಕಾರಗಳು ಬದಲಾದುವು, ಚುನಾವಣೆ ಮಾತ್ರ ವರ್ಷಗಟ್ಟಲೆ ನಡೆಯಲಿಲ್ಲ. ಕಚೇರಿಗಳಲ್ಲಿ ಆಡಳಿತಾಧಿಕಾರಿಗಳು ಕುಳಿತರು, ಸಭಾಂಗಣಗಳಿಗೆ ಬೀಗ ಬಿತ್ತು. ಆ ವರ್ಷಗಳಲ್ಲಿ ಹೊಳೆನರಸೀಪುರದ ಯಾವುದೋ ಹಳ್ಳಿಯಲ್ಲಿ ಡಿಪ್ಲೊಮಾ ಮುಗಿಸಿ, ಸಹಕಾರ ಸಂಘದಲ್ಲಿ ಹೆಸರು ಮಾಡಿ, ತಾಲ್ಲೂಕಿಗೆ ನಿಲ್ಲಬೇಕೆಂದು ಬಯಸಿದ ಇಪ್ಪತ್ತೈದರ ಯುವಕನಿಗೋ ಯುವತಿಗೋ ನಾಮಪತ್ರ ಕೊಡಲು ಚುನಾವಣೆಯೇ ಇರಲಿಲ್ಲ.

ಊಟದ ಮನೆಯಿಂದ ಬಿಸಿಬೇಳೆಬಾತಿನ ಪರಿಮಳ ಬರುತ್ತಿದೆ. ಪ್ರಶ್ನೆಗಳಿದ್ದರೆ ಎಲೆಯ ಮುಂದೆ ಕುಳಿತೇ ಮಾತನಾಡೋಣ.